ಬಾವಿ ನೀರಿನ ದೀಪ

"ನೀರಾಗ ಡೀಸೆಲ್ ಬಂದಿದ್ರ ನೀ ಇಷ್ಟೊತ್ತಿಗೆ ದುಬೈ ಶೇಖನ ಹೆಂಡ್ತಿ ಆಗಿರ್ತಿದ್ದಿ, ರಂಡಿ. ಮೊದಲ ಕಸಬರಿಗಿ ಹಿಡಿ."

ಶಾಮಿಯಾನ ಕಟ್ಟುವವರೆಲ್ಲ ಕೇಳುವಂತೆ ಅಂದ ಕಲ್ಯಾಣಪ್ಪ. ತೆಲುಗು ನಾಡಿನ ಮಾದಾಪುರದಲ್ಲಿ ಕಂಪ್ಯೂಟರ್ ಕಂಪನಿಯೊಂದರ ಗಾಜಿನ ಕಟ್ಟಡದ ಮ್ಯಾನೇಜರ್ ಇವನು; ಊರು ಕಲಬುರಗಿ, ಬೈಯುವಾಗ ಮಾತ್ರ ಕನ್ನಡ. ಕಸ ಹೊಡೆಯುವ ಬಂಡೆಮ್ಮನಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಗು. ಸೆರಗು ಬಾಯಿಗೊತ್ತಿಕೊಂಡಳು.

ನಗು ಯಾಕೆ ಅಂತೀರಾ? ಕಟ್ಟಡದ ಹಿಂದೆ ಮೂರು ಜನರೇಟರ್. ಕರೆಂಟು ಹೋದರೆ ಅವು ಗುಡುಗುತ್ತವೆ, ಒಳಗೆ ಒಂದು ಕಂಪ್ಯೂಟರೂ ಕಣ್ಣು ಮುಚ್ಚುವುದಿಲ್ಲ. ಅವಕ್ಕೆ ಕುಡಿಸುವ ಡೀಸೆಲ್ ಟಾಕಿ ನೆಲದೊಳಗೇ ಒಡೆದು ವರ್ಷವಾಯಿತು. ಸೋರಿದ್ದೆಲ್ಲ ಕೆಳಗಿನ ಜೋಪಡಿಗಳ ಹಳೇ ಬಾವಿಗೆ. ಯಾದಗಿರಿ ಕಡೆಯಿಂದ ಬಂದ ಮೂವತ್ತು ಮನೆಗೆ ಅದೊಂದೇ ಬಾವಿ. ಬೆಳಗಾದರೆ ಹೆಂಗಸರು ಹಳೇ ಸೀರೆ ತುಂಡನ್ನು ಹಗ್ಗಕ್ಕೆ ಕಟ್ಟಿ ನೀರ ಮೇಲೆ ಬಿಡುತ್ತಾರೆ. ಅದು ಎಣ್ಣೆ ಹೀರಿದ ಮೇಲೆ ಎಳೆದು ಬಾಟ್ಲಿಗೆ ಹಿಂಡುತ್ತಾರೆ, ಆಮೇಲೆ ಕೊಡ ಇಳಿಸುತ್ತಾರೆ. ಹಿಂಡಿದ್ದು ಒಲೆ ಹೊತ್ತಿಸಲಿಕ್ಕೆ, ಉಳಿದದ್ದು ಕುಡಿಯಲಿಕ್ಕೆ.

ಪಕ್ಕದ ಜೋಪಡಿಯ ಗೋದಾಬಾಯಿ ಅದನ್ನು ದುಬೈ ಬಾವಿ ಅಂತಲೇ ಕರೆಯುವುದು. ಹಿಂಡುವಾಗ ವಾಸನೆಗೆ ತಲೆ ಗಿರ್ರನೆ ತಿರುಗಿ ಸುಮ್ಮಸುಮ್ಮನೆ ನಗು ಬರುತ್ತಿತ್ತು, ಹಾಳು ನಗು. ಆದರೆ ಬಂಡೆಮ್ಮನ ಮೂರು ವರ್ಷದ ದಾನೇಶ್ವರಿ ಕುಡಿದದ್ದನ್ನೆಲ್ಲ ಕಾರುತ್ತಿತ್ತು. ಎಂಟು ದಿನದಿಂದ ಕೂಸು ಚಾಪೆ ಬಿಟ್ಟು ಎದ್ದಿರಲಿಲ್ಲ. ಟಾಕಿ ಬಂದ್ ಮಾಡ್ರಿ, ಇಲ್ಲಾ ದಿನಕ್ಕೊಂದು ಟ್ಯಾಂಕರ್ ನೀರು ಕೊಡ್ರಿ ಅಂತ ಅವಳು ಬೇಡಿಕೊಂಡದ್ದು ಇದು ಐದನೇ ಸಲ; ಅದಕ್ಕೇ ಆ ಬೈಗುಳ. ಟಾಕಿ ಬಂದಾದರೆ ಕಂಪನಿ ಮಾಡಿಕೊಡುವ ಅಮೆರಿಕದವರ ಕೆಲಸ ನಿಲ್ಲುತ್ತದಂತೆ. ಕೂಸಿನ ಉಸಿರು ನಿಂತರೆ ಅಮೆರಿಕಕ್ಕೇನು?

ಅವತ್ತು ಪರಿಸರ ದಿನ. ನೆಡಲು ಒಂದು ಬೇವಿನ ಸಸಿ, ಹಚ್ಚಲು ಆಳೆತ್ತರದ ಹಿತ್ತಾಳೆ ದೀಪದ ಕಂಬ. ಮೆಹದಿಪಟ್ಟಣಂ ಟ್ರಾಫಿಕ್ಕಿನಲ್ಲಿ ಸಿಕ್ಕು ತಡವಾದ ಅತಿಥಿ, ಸರ್ಕಾರದ ದೊಡ್ಡ ಸಾಹೇಬರು, ಬಿಳಿ ಸಫಾರಿಯಲ್ಲಿ ಇಳಿದರು. ಒಳಗೆ ತಂಪಿರಲಿ ಅಂತ ಅವರ ಕಾರು ಗುರುಗುಟ್ಟುತ್ತಲೇ ನಿಂತಿತು. ಎಣ್ಣೆ ಸುಡುವುದನ್ನು ನಾವೆಲ್ಲ ಬಿಡಬೇಕು ಅಂತ ಅವರು ಮೈಕಿನಲ್ಲಿ ಹೇಳಿದರು. ಮೈಕು ನಡೆದದ್ದೂ ಜನರೇಟರಿನಿಂದಲೇ. ಆಮೇಲೆ ದೀಪ ಹಚ್ಚಲು ಹೋದರೆ ಬತ್ತಿ ಒಣಗಿ ಕೂತಿದೆ. ಹೂವು, ಶಾಲು, ಕ್ಯಾಮೆರಾ ಎಲ್ಲ ತಂದಿದ್ದ ಕಲ್ಯಾಣಪ್ಪ ಎಣ್ಣೆಯನ್ನೇ ಮರೆತಿದ್ದ.

"ಏ ಬಂಡೆವ್ವ, ಎಲ್ಲಿಂದಾದ್ರೂ ಎಣ್ಣಿ ತಾ, ಓಡು."

ಎಲ್ಲಿಂದಾದರೂ! ಅವಳ ಕಾಲು ನೆಲಕ್ಕೆ ತಾಗಲಿಲ್ಲ. ಜೋಪಡಿಯಿಂದ ಬೆಳಿಗ್ಗೆ ಹಿಂಡಿದ ಬಾಟ್ಲಿ ಹಿಡಿದು ಬರುವಾಗ ನಗು ತಡೆಯದೆ ದಾರಿಯಲ್ಲಿ ಎರಡು ಸಲ ಹೊಟ್ಟೆ ಹಿಡಿದು ಕೂತಳು. ಸುತ್ತ ಜನರೇಟರ್ ಹೊಗೆ ತುಂಬಿತ್ತಲ್ಲ, ಅವಳು ಸುರಿದಾಗ ವಾಸನೆ ಯಾರಿಗೂ ಬೇರೆಯಾಗಿ ತಿಳಿಯಲಿಲ್ಲ. ಸಾಹೇಬರು ಕೈಮುಗಿದು ಐದೂ ಬತ್ತಿ ಹಚ್ಚಿದರು. ಧಗ್ಗನೆ ಹೊತ್ತಿಕೊಂಡವು. ಕಪ್ಪು ಹೊಗೆ ಎದ್ದು ಬಿಳಿ ಸಫಾರಿಯ ಮೇಲೆ ಮಸಿ ಉದುರಿತು.

"ಏನ್ ಎಣ್ಣಿಲೇ ಇದು?" ಕಲ್ಯಾಣಪ್ಪ ಹಲ್ಲು ಕಡಿದ.

"ನಮ್ ಬಾವಿ ನೀರ್ರಿ. ನನ್ ಕೂಸು ಕುಡಿಯೂದು ಇದ."

ಮೈಕು ತೆರೆದೇ ಇತ್ತು. ಸಾಹೇಬರಿಗೂ ತಿಳಿಯಲಿ ಅಂತ ಹಿಂದಿಯಲ್ಲಿ ಇನ್ನೊಮ್ಮೆ ಅಂದಳು.

ಕಲ್ಯಾಣಪ್ಪ ದೀಪ ಊದಲು ಬಾಯಿ ಮುಂದೆ ಮಾಡಿದ. ಮುಂದಿನ ಸಾಲಿನಲ್ಲಿ ಕೂತಿದ್ದ ಕಂಪನಿ ಮಾಲೀಕರ ತಾಯಿ ಎದ್ದು ಬಂದು ಅವನ ತೋಳು ಹಿಡಿದು ಎಳೆದಳು. ಶುಭಕಾರ್ಯಕ್ಕೆ ಹಚ್ಚಿದ ದೀಪ ಬಾಯಿಂದ ಊದಿ ಆರಿಸುವುದುಂಟೆ? ಸಾಹೇಬರು ಕೆಮ್ಮಿದರು, ಮಾಲೀಕರು ಕೆಮ್ಮಿದರು, ಯಾರೂ ಕೈ ಹಚ್ಚಲಿಲ್ಲ. ಎಣ್ಣೆ ತೀರಿದರೆ ತಾನೇ ಆರುತ್ತದೆ ಅಂತ ಎಲ್ಲರೂ ಮೂಗು ಮುಚ್ಚಿಕೊಂಡು ಕಾಯುತ್ತ ನಿಂತರು.

ಆಗ ಮೈಕಿನ ಮಾತು ಕೇಳಿಸಿಕೊಂಡ ಗೋದಾಬಾಯಿ ಜೋಪಡಿ ಕಡೆಯಿಂದ ಬಂದಳು. ಅವಳ ಹಿಂದೆ ಸಾಲಾಗಿ ಹೆಂಗಸರು, ಕೈಗೊಂದು ಬಾಟ್ಲಿ.

"ಮೂವತ್ತು ಮನೀವು ಅದಾವ್ರಿ," ಅಂದಳು ಬಂಡೆಮ್ಮ, ನಗುತ್ತಲೇ. "ಟ್ಯಾಂಕರ್ ಬರೂತನಕ ಇದು ಆರಂಗಿಲ್ಲ."

ಅಂದು, ಎರಡನೇ ಬಾಟ್ಲಿಯ ಬೂಚು ಕಿತ್ತಳು.