ಬಾರದ ಅತಿಥಿಯ ಕುರ್ಚಿ

ಹೆತ್ತೂರು ದಾಟಿ ಮೇಲಕ್ಕೆ ಹೋದರೆ ಸಿಗುವ ಆ ಎಸ್ಟೇಟ್ ಬಂಗಲೆಯಲ್ಲಿ ಸುಚಿತ್ರಾ ಅಡುಗೆಗೆ ಸೇರಿದ ಮೇಲೆ ಎಂತೆಂಥವರೋ ಬಂದು ಉಂಡು ಹೋಗಿದ್ದರು. ಹೊಸದಾಗಿ ಮದುವೆಯಾದವರು, ಶನಿವಾರ ಬಂದು ಕುಣಿದು ಕುಪ್ಪಳಿಸಿ ಭಾನುವಾರ ತಲೆ ಹಿಡಿದುಕೊಂಡು ಹೋಗುವ ಕಂಪನಿ ಜನ, ಹಕ್ಕಿ ನೋಡುವವರು. ದೇಶದೇಶಗಳ ವ್ಯವಹಾರ ಮಾತಾಡುವುದಕ್ಕೆಂದು ಜನ ಬಂದದ್ದು ಮಾತ್ರ ಅದೇ ಮೊದಲು.

"ಯೂರೋಪಿನವರು ಅಕ್ಕ," ಎಂದಳು ನವ್ಯಶ್ರೀ. ಸಭೆ ನಡೆಸುವುದಕ್ಕೆ ದೆಹಲಿಯಿಂದ ಬಂದಿದ್ದರೂ ಹುಡುಗಿ ಹಾಸನದವಳೇ. "ಬ್ಯಾಟರಿ, ಔಷಧಿ, ಫೋನು ಎಲ್ಲದಕ್ಕೂ ಚೀನಾದ ಕಡೆಗೇ ಕೈ ಚಾಚಬೇಕಲ್ಲ ಅಂತ ಅವರಿಗೆ ಈಗ ಚಿಂತೆ ಹತ್ತಿದೆ. ಅದಕ್ಕೇ ಏಷ್ಯಾದಲ್ಲಿ ಬೇರೆ ಸಂಬಂಧ ಬೆಳೆಸೋಣ ಅಂತ ಬಂದಿದಾರೆ. ನಮ್ಮ ಜೊತೆ, ಜಪಾನ್ ಜೊತೆ, ವಿಯೆಟ್ನಾಂ ಜೊತೆ."

"ಹೆಣ್ಣು ನೋಡಕ್ಕೆ ಬಂದವ್ರೆ ಅನ್ನಿ," ಎಂದ ಅಡುಗೆಮನೆಯ ಆಳು ಮುದುಕ ದಾಸಯ್ಯ, ಒಲೆಗೆ ಸೌದೆ ತುರುಕುತ್ತಾ. ಬಂಗಲೆಯಲ್ಲಿ ಗ್ಯಾಸ್ ಇದ್ದರೂ ಕಡುಬು ಬೇಯುವುದು ಅವನ ಒಲೆಯ ಮೇಲೇ. "ಹಳೇ ಮನೆಯೋರಿಗೆ ಗೊತ್ತಾಗ್ಬಾರ್ದು ಅಂತ ಈ ಕಾಡಿಗೆ ಬಂದವ್ರಾ?"

ನವ್ಯಶ್ರೀ ನಕ್ಕಳು. "ಗೊತ್ತಾಗ್ಲಿ ಅಂತಾನೇ ಅವರನ್ನೂ ಕರೆದಿದ್ವಿ ದಾಸಣ್ಣ. ಬೀಜಿಂಗಿನಿಂದ ಒಬ್ಬರು ಪ್ರೊಫೆಸರ್ ಬರ್ತೀನಿ ಅಂದಿದ್ರು. ಕೊನೇ ಗಳಿಗೇಲಿ ಇಲ್ಲ ಅಂದ್ರು. ಅವರ ಕುರ್ಚಿ ಹಾಗೇ ಇರಲಿ ಅಂತ ಎಲ್ರೂ ಒಪ್ಪಿದಾರೆ. ಬೇರೆಯವರಿಗೆ ಇಟ್ಟ ಹಾಗೇ ಅಲ್ಲೂ ಎಲ್ಲ ಇಟ್ಟುಬಿಡಿ."

ಅವಳು ಹೇಳಿದ್ದು ನೀರು, ಕಾಗದ, ಪೆನ್ನಿನ ಮಾತು. ದಾಸಯ್ಯ ಕೇಳಿಸಿಕೊಂಡದ್ದೇ ಬೇರೆ.

ಅವನದೂ ತಪ್ಪಲ್ಲ. ಮಾರನೆಯ ದಿನ ಮಹಾಲಯ ಅಮಾವಾಸ್ಯೆ. ಆ ಹೊತ್ತಿನಲ್ಲಿ ಊರೂರಲ್ಲೂ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ: ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಎಳೆದುಕೊಂಡು ಮನೆಮಂದಿಯೆಲ್ಲ ಹೊರಗೆ ಕಾಯುತ್ತಾರೆ. ಬಾರದವರ ಜಾಗಕ್ಕೂ ಎಲ್ಲ ಇಡಿ ಎಂದರೆ ದಾಸಯ್ಯನಿಗೆ ಇನ್ನೇನು ಹೊಳೆದೀತು? ಸಭೆಯ ಹಾಲಿಗೆ ಜನ ಬರುವ ಮುಂಚೆಯೇ ಅವನು ಆ ಖಾಲಿ ಕುರ್ಚಿಯ ಮುಂದೆ ಬಾಳೆಲೆ ಹಾಸಿ, ಎರಡು ಕಡುಬು, ಕಾಯಿಚಟ್ನಿ, ಒಂದು ಲೋಟ ಕಾಫಿ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದ.

"ಬನ್ನಿ ಸ್ವಾಮಿ, ಬಂದು ತಗಳಿ," ಎಂದು ಬಾಗಿಲು ಎಳೆದುಕೊಂಡ.

ಸುಚಿತ್ರಾ ತಟ್ಟೆಗಳ ಅಟ್ಟಿ ಹಿಡಿದು ಬಾಗಿಲಿಗೇ ಎದುರಾದಳು. "ಅಯ್ಯೋ, ಏನ್ ಮಾಡ್ದೆ ದಾಸಣ್ಣ? ಯಾರನ್ನ ಕರೆದೆ?"

"ಬರ್ದೆ ಇರೋರ್ನ."

"ಯಾರು ಅಂತ ಹೆಸರು ಹೇಳಿದ್ಯಾ?"

"ಅದ್ಯಾವ್ದೋ ಚೀಟಿ ಮೇಲೆ ಬರೆದೈತೆ. ಓದಕ್ಕೆ ನಂಗೆಲ್ ಬತ್ತದೆ ಮಾರಾಯ್ತಿ?" ಎಂದು ನಗಲು ಹೋದವನು ಅರ್ಧಕ್ಕೇ ನಿಲ್ಲಿಸಿದ. ಹೆಸರು ಹಿಡಿಯದೆ ಎಡೆಗೆ ಕರೆಯಬಾರದು. ಆ ಕರೆಗೆ ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಓಗೊಟ್ಟಾರು. ಹಾಲಿನೊಳಗೆ ಕುರ್ಚಿಯೊಂದು ನೆಲಕ್ಕೆ ಉಜ್ಜಿದ ಸದ್ದಾಯಿತು.

"ಬೆಕ್ಕು," ಎಂದ ದಾಸಯ್ಯ.

ಬಾಗಿಲು ತೆರೆದಾಗ ಬೆಕ್ಕಿರಲಿಲ್ಲ. ಕಡುಬು ಇಟ್ಟ ಹಾಗೇ ಇತ್ತು. ಕಾಫಿ ಮಾತ್ರ ಅರ್ಧಕ್ಕೆ ಇಳಿದಿತ್ತು. ಅವನೇ ಲೋಟ ತುಂಬ ಹಾಕಿರಲಿಕ್ಕಿಲ್ಲ ಎಂದುಕೊಂಡು ಸುಚಿತ್ರಾ ಎಲೆ ಎತ್ತಿದಳು.

ಅಂದು ದಿನವಿಡೀ ಬಡಿಸುತ್ತಾ, ಲೋಟ ಎತ್ತುತ್ತಾ ಅವಳು ಒಂದನ್ನು ಗಮನಿಸಿದಳು. ಮಾತು ಅವಳಿಗೆ ಅರ್ಥವಾಗುತ್ತಿರಲಿಲ್ಲ, ಮುಖ ಅರ್ಥವಾಗುತ್ತಿತ್ತು. ಜರ್ಮನಿಯ ದಪ್ಪ ಮೀಸೆಯವನು ಬಾಯಿ ತೆರೆಯುವ ಮೊದಲು ಒಮ್ಮೆ ಖಾಲಿ ಕುರ್ಚಿಯ ಕಡೆ ನೋಡುತ್ತಿದ್ದ. ಫ್ರಾನ್ಸಿನವನು ಮಾತು ಮುಗಿಸಿದ ಮೇಲೆ ನೋಡುತ್ತಿದ್ದ. ವಿಯೆಟ್ನಾಮಿನವರು ಅದರ ಪಕ್ಕದಲ್ಲೇ ಕೂತು, ಭುಜ ಒಂದಿಷ್ಟು ಒಳಕ್ಕೆಳೆದುಕೊಂಡು, ಎರಡೂ ಕಡೆಗೆ ಸಮನಾಗಿ ತಲೆಯಾಡಿಸುತ್ತಿದ್ದರು. ಲಿಥುವೇನಿಯಾ ಎಂಬ ಪುಟ್ಟ ದೇಶದ ಹೆಂಗಸು ಮಾತ್ರ ಆ ಕಡೆ ನೋಡಲೇ ಇಲ್ಲ. ನೋಡದೇ ಇರುವುದಕ್ಕೇ ಅವಳ ಕತ್ತಿನ ನರ ಬಿಗಿದುಕೊಂಡಿತ್ತು.

"ಜಗಳ ಯಾತಕ್ಕಂತೆ?" ಎಂದು ಸುಚಿತ್ರಾ ಕೇಳಿದಳು.

"ಒಬ್ಬರು ಚೀನಾಕ್ಕೆ ಬಾಗಿಲು ಹಾಕೋಣ ಅಂತಾರೆ. ಒಬ್ಬರು ಬೇಡ, ನಮ್ಮ ಫ್ಯಾಕ್ಟರಿ ನಿಂತೋಗುತ್ತೆ ಅಂತಾರೆ," ಎಂದಳು ನವ್ಯಶ್ರೀ. "ಅವರವರಲ್ಲೇ ಒಮ್ಮತ ಇಲ್ಲ ಅಕ್ಕ. ಇನ್ನು ನಾವು ಯಾರನ್ನ ನಂಬ್ಕೊಂಡು ಹೋಗೋದು ಅಂತ ಈ ಕಡೆಯವರು ಕೇಳ್ತಾರೆ."

ಮಾರನೆಯ ದಿನ ಸುಚಿತ್ರಾ ಮಗಳನ್ನೂ ಕರೆತಂದಳು. ಗಂಡ ಗಣೇಶ ಲಾರಿಯ ಮೇಲೆ ಮಂಗಳೂರಿಗೆ ಹೋಗಿದ್ದ, ಶಾಲೆಗೆ ದಸರಾ ರಜೆ. ಶೃತಿಗೆ ಒಂಬತ್ತು ವರ್ಷ. ನಿದ್ದೆಯಲ್ಲೂ ಮಾತಾಡುವ ಹುಡುಗಿ. ಬೆಳಗಿನಿಂದ ದಾಸಯ್ಯನ ತಲೆ ತಿನ್ನುತ್ತಿದ್ದಳು.

"ತಾತ, ಚೀನಾದೋರು ಹಾವು ತಿಂತಾರಾ?"

"ನಿನ್ನಂತ ವಾಚಾಳಿ ಮಕ್ಳು ಸಿಕ್ರೆ ಹಾವ್ಯಾಕೆ ತಿಂತಾರೆ, ಹೋಗೇ."

ಆ ದಿನ ಮಾತು ಸಾಕು, ಆಟ ಆಡೋಣ ಎಂದು ದೊಡ್ಡವರೆಲ್ಲ ಗೊತ್ತು ಮಾಡಿದ್ದರು. ಒಂದೊಂದು ದೇಶದವರು ಒಂದೊಂದು ನಡೆ ಇಡಬೇಕು, ಚೀನಾ ಉತ್ತರ ಕೊಡಬೇಕು. ಆದರೆ ಚೀನಾ ಆಗಿ ಕೂರಲು ಯಾರೂ ಒಪ್ಪಲಿಲ್ಲ. ಜರ್ಮನಿಯವನು ಊರಲ್ಲಿ ಆಡಿಕೊಳ್ಳುತ್ತಾರೆ ಎಂದ. ವಿಯೆಟ್ನಾಮಿನವರು ನಕ್ಕು, ಎರಡೂ ಕೈ ಮುಂದೆ ಹಿಡಿದು, ಬೇಡವೇ ಬೇಡ ಎಂದರು. ಅಷ್ಟರಲ್ಲಿ ಶೃತಿ ಚಮಚಗಳ ಬುಟ್ಟಿ ಹಿಡಿದು ಒಳಗೆ ಹೋದಳು. ಫ್ರಾನ್ಸಿನವನು ತಮಾಷೆಗೆ ಆ ಖಾಲಿ ಕುರ್ಚಿಯ ಬೆನ್ನು ತಟ್ಟಿದ. ಹುಡುಗಿ ಹತ್ತಿ ಕೂತಳು.

ಅಡುಗೆಮನೆಯಲ್ಲಿ ಸುಚಿತ್ರಾಳಿಗೆ ಮೊದಲು ಕೇಳಿದ್ದು ನಗು. ಆಮೇಲೆ ಏನೂ ಕೇಳಲಿಲ್ಲ. ಮಗಳಿರುವ ಕಡೆ ಅಷ್ಟು ಹೊತ್ತು ಸದ್ದಿಲ್ಲವೆಂದರೆ ತಾಯಿಯ ಕೈ ತಾನಾಗಿ ಒಲೆ ಬಿಡುತ್ತದೆ. ಅವಳು ಹಾಲಿನ ಬಾಗಿಲಿಗೆ ಬಂದಳು.

ಎಡೆ ಇಟ್ಟ ಜಾಗದಲ್ಲಿ ಅವಳ ಮಗು ಕೂತಿತ್ತು. ಬೆನ್ನು ನೆಟ್ಟಗೆ, ಅಂಗೈಗಳು ಮೇಜಿನ ಮೇಲೆ. ಯಾವಾಗಲೂ ತೂಗಾಡುವ ಕಾಲು ತೂಗಾಡುತ್ತಿರಲಿಲ್ಲ.

ಜರ್ಮನಿಯವನು ಏನೋ ಕೇಳಿದ. "ನಿಮ್ಮ ಸಾಮಾನು ನಾವು ಕೊಳ್ಳದೆ ಬಿಟ್ಟರೆ ಏನು ಮಾಡ್ತೀರ ಅಂತ ಕೇಳ್ತಿದಾರೆ ಪುಟ್ಟಿ," ಎಂದಳು ನವ್ಯಶ್ರೀ.

"ಕಾಯ್ತೀನಿ," ಎಂದಳು ಶೃತಿ.

ಒಂದಿಬ್ಬರು ನಕ್ಕರು. ನವ್ಯಶ್ರೀ ಅದನ್ನು ಇಂಗ್ಲಿಷಿಗೆ ತಂದಾಗ ಆ ನಗೆ ಮುಂದುವರಿಯಲಿಲ್ಲ. ವಿಯೆಟ್ನಾಮಿನವರು ಶೃತಿಯ ಕಡೆ ಪೂರ್ತಿ ತಿರುಗದೆ, ಮೆಲ್ಲಗೆ, ನಾವು ಇವರ ಜೊತೆ ಹೋದರೆ ನಿಮಗೆ ಬೇಸರವೇ ಎಂದು ನವ್ಯಶ್ರೀಯಿಂದ ಕೇಳಿಸಿದರು.

"ಎಲ್ಲಿಗೆ ಹೋದ್ರೂ ನಿಮ್ಮನೆ ಬಾಗ್ಲು ನಂಗೆ ಕಾಣ್ಸುತ್ತೆ."

ದನಿ ಮಗುವಿನದೇ. ಆದರೆ ಅವಸರವಿರಲಿಲ್ಲ. ಶೃತಿಗೆ ಹುಟ್ಟಿದಾಗಿನಿಂದ ಅವಸರ. ಫ್ರಾನ್ಸಿನವನು ಮುಂದಕ್ಕೆ ಬಾಗಿ ತನ್ನ ಪ್ರಶ್ನೆ ಕೇಳಿದ. ನವ್ಯಶ್ರೀ ಅದನ್ನು ಕನ್ನಡಕ್ಕೆ ತರಲು ಬಾಯಿ ತೆರೆಯುವ ಮೊದಲೇ ಉತ್ತರ ಬಂತು.

"ನಾನ್ಯಾಕೆ ಕೇಳ್ಬೇಕು? ನೀವೇ ತಂದ್ ಕೊಡ್ತೀರಲ್ಲ."

ನವ್ಯಶ್ರೀಯ ಮುಖ ಬಿಳಿಚಿಕೊಂಡಿತು. ಅವನು ಕೇಳಿದ್ದು, ನಮ್ಮಿಂದ ನಿಮಗೆ ಏನು ಬೇಕು ಎಂದೇ.

"ಶೃತೀ," ಎಂದಳು ಸುಚಿತ್ರಾ ಬಾಗಿಲಿನಿಂದ. ಹುಡುಗಿ ತಿರುಗಲಿಲ್ಲ. "ಶೃತೀ, ಬಾ ಇಲ್ಲಿ. ಏಳು ಅಂದ್ರೆ ಏಳ್ಬೇಕು."

"ಒಂದೈದು ನಿಮಿಷ ಅಕ್ಕ," ಎಂದಳು ನವ್ಯಶ್ರೀ. ತಾನೇ ಆ ಮಾತನ್ನು ನಂಬದವಳ ಹಾಗಿತ್ತು ದನಿ. ಮೇಜಿನ ಸುತ್ತ ಕೂತವರು ಯಾರೂ ಸುಚಿತ್ರಾಳತ್ತ ನೋಡಲಿಲ್ಲ. ಎಲ್ಲರೂ ಕಾಗದದ ಮೇಲೆ ಏನೇನೋ ಗೀಚುತ್ತಿದ್ದರು. ನಿನ್ನೆ ಬಾಗಿಲು ಹಾಕೋಣ ಎಂದವರು ಇವತ್ತು ಅರ್ಧ ತೆರೆದಿಡೋಣ ಎನ್ನುತ್ತಿದ್ದರು. ಜಪಾನಿನವರು ತಮ್ಮ ಬರಹ ಹರಿದು ಹೊಸದಾಗಿ ಬರೆಯತೊಡಗಿದರು.

ಸುಚಿತ್ರಾ ನೆಟ್ಟಗೆ ಹೋಗಿ ಮಗಳ ಕಂಕುಳಿಗೆ ಕೈ ಹಾಕಿ ಎತ್ತಿದಳು. ಬೆಳಿಗ್ಗೆ ಸೊಂಟದ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸಿದ ಮಗು ಕಲ್ಲುಕಂಬದ ಹಾಗೆ ಅಲುಗಲಿಲ್ಲ. ಮೈ ತಣ್ಣಗಿತ್ತು. ಕಣ್ಣು ತೆರೆದೇ ಇತ್ತು, ಮುಂದಿನ ಪ್ರಶ್ನೆಗೆ ಕಾಯುತ್ತಿತ್ತು.

ದಾಸಯ್ಯ ಹಿಂದಿನಿಂದ ಬಂದು ಅವಳ ಕಿವಿಯಲ್ಲಿ ಹೇಳಿದ. "ಬಲ ಹಾಕ್ಬ್ಯಾಡ ಕಣವ್ವ. ಕರೆದ್ಮೇಲೆ ಕುಂತದೆ. ಜಾಗ ಬರಿದು ಮಾಡಿ ಹೋಗಾಕಿಲ್ಲ, ಇನ್ನೊಬ್ರು ಕುಂತ್ರೇ ಮಗೀನ ಬುಡೋದು. ನಾನೇ ಕರ್ದಿದ್ದು, ನಾನೇ ಕೂತ್ಕೋತೀನಿ, ಸರಿ ಅತ್ಲಾಗೆ."

ಮುದುಕ ಮುಂದೆ ಬಂದ. ಶೃತಿ ನಿಧಾನವಾಗಿ ತಲೆಯೆತ್ತಿ ಅವನನ್ನು ನೋಡಿ, ಬೇಡವೆಂಬಂತೆ ಒಂದೇ ಸಲ ತಲೆಯಾಡಿಸಿದಳು. ಆಮೇಲೆ ತಾಯಿಯನ್ನು ನೋಡಿದಳು.

ಸುಚಿತ್ರಾ ಹೆಚ್ಚು ಯೋಚಿಸಲಿಲ್ಲ. ಬಸ್ಸಿನಲ್ಲಿ ಎಷ್ಟೋ ಸಲ ಮಾಡಿದಂತೆ, ಕುರ್ಚಿಯ ಅಂಚಿಗೆ ತಾನು ಕೂತು ಮಗಳನ್ನು ತೊಡೆಯಿಂದ ಆಚೆಗೆ ಸರಿಸಿದಳು. ಈಗ ಮಗು ಹೂವಿನಷ್ಟು ಹಗುರ. ನೆಲಕ್ಕೆ ಕಾಲು ತಾಗಿದ್ದೇ ಶೃತಿ ಒಮ್ಮೆ ಸೀನಿ, ಸುತ್ತ ನೋಡಿ, "ಅಮ್ಮಾ, ಹೊಟ್ಟೆ ಹಸೀತೈತೆ. ನಾನು ಇಲ್ಲಿಗ್ಯಾವಾಗ ಬಂದೆ? ಚಮ್ಚ ಯಾರ್ ಚೆಲ್ಲಿದ್ದು? ನಾನಲ್ಲಪ್ಪ," ಎಂದು ಒಂದೇ ಉಸಿರಿಗೆ ಶುರು ಹಚ್ಚಿಕೊಂಡಳು. ದಾಸಯ್ಯ ಅವಳನ್ನು ಬಾಚಿ ತಬ್ಬಿಕೊಂಡು ಬಾಗಿಲ ಕಡೆ ನಡೆದ.

ಸುಚಿತ್ರಾ ಏಳಬೇಕೆಂದುಕೊಂಡಳು. ಅವಸರವೇನೂ ಇಲ್ಲ ಎನ್ನಿಸಿತು.

ಅಲ್ಲಿ ಕೂತರೆ ಎಲ್ಲರೂ ಎಷ್ಟು ಚೆನ್ನಾಗಿ ಕಾಣುತ್ತಿದ್ದರು! ಮೀಸೆಯವನ ಹಣೆಯ ಬೆವರು. ಕತ್ತು ಬಿಗಿದ ಹೆಂಗಸಿನ ಮೇಜಿನಡಿಯ ಮುಷ್ಟಿ. ಒಬ್ಬೊಬ್ಬರ ಹಿಂದೆಯೂ ಅವರವರ ಮನೆ, ಮನೆಯ ಬಾಗಿಲು, ಬಾಗಿಲಾಚೆ ದೀಪ. ಎಲ್ಲರೂ ಅವಳನ್ನೇ ನೋಡುತ್ತಿದ್ದರು, ಎಲ್ಲರ ಮುಖದಲ್ಲೂ ಒಂದೇ ನಗು. ಬೇಡದ ನೆಂಟ ಏಳಲಿ ಎಂದು ಕಾಯುತ್ತಾ ಇನ್ನೊಂದು ಲೋಟ ಕಾಫಿ ತರುವವರ ನಗು. ಲಿಥುವೇನಿಯಾದ ಹೆಂಗಸು ಕೊನೆಗೂ ಕತ್ತು ತಿರುಗಿಸಿ ಅವಳನ್ನು ನೇರವಾಗಿ ನೋಡಿ ಏನೋ ಕೇಳಿದಳು. ಸುಚಿತ್ರಾಳಿಗೆ ಪ್ರತಿ ಮಾತೂ ತಿಳಿಯಿತು. ಉತ್ತರ ನಾಲಗೆಯ ತುದಿಗೆ ತಾನಾಗಿ ಬಂದು ನಿಂತಿತು.

ಬಾಗಿಲಲ್ಲಿ ಮುದುಕನೊಬ್ಬನ ಕೈಯಿಂದ ಕೊಸರಿಕೊಂಡು ಪುಟ್ಟ ಹುಡುಗಿಯೊಂದು ಇತ್ತ ಕೈ ಚಾಚಿ ಅಳುತ್ತಿತ್ತು. ಅವಳು ಅದನ್ನು ಕ್ಷಣ ಹೊತ್ತು ನೋಡಿದಳು. ಯಾರ ಮಗುವೋ ಪಾಪ, ಯಾರಾದರೂ ಎತ್ತಿಕೊಳ್ಳಬಾರದೇ ಎಂದುಕೊಂಡು ಮೇಜಿನ ಕಡೆ ತಿರುಗಿದಳು.