ಉಲ್ಟಾ ತಿರುಗಿದ ಹಸಿರು ಚುಕ್ಕಿ

ಮಾವನ ಗಡಿಯಾರ ರಿಪೇರಿಯ ಅಂಗಡಿಯಲ್ಲಿ ಸೊಸೆ ಕಂಪ್ಯೂಟರ್ ಇಟ್ಟುಕೊಂಡು ಕೂತು ಒಂದು ವರ್ಷವಾಗಿತ್ತು. ಮನೆಯಲ್ಲಿ ಜಾಗವಿಲ್ಲವೆಂದು ಗೊತ್ತಾದ ದಿನವೇ ಮಾವ ತಮ್ಮ ಉದ್ದನೆಯ ಮೇಜಿನ ಅರ್ಧವನ್ನು ಖಾಲಿ ಮಾಡಿ, ಒರೆಸಿ ಕೊಟ್ಟಿದ್ದರು. ಅಷ್ಟೇ. ಆಮೇಲೆ ಆ ಬಗ್ಗೆ ಒಂದು ಮಾತಿಲ್ಲ. ಬಾಯಿಬಿಟ್ಟರೆ ಮುತ್ತು ಉದುರಿಹೋಗುತ್ತದೇನೋ ಎಂಬಂಥ ಮನುಷ್ಯ. ಸೊಸೆಗೋ ಆ ಮೌನದೊಳಗೆ ನೂರೆಂಟು ಬೈಗುಳ ಕೇಳಿಸುತ್ತಿತ್ತು. ಕೈಯಲ್ಲಿದ್ದ ಒಳ್ಳೆಯ ಕೆಲಸ ಬಿಟ್ಟು ಇದೇನು ಹುಚ್ಚಾಟ ಎಂದುಕೊಂಡಿದ್ದಾರೆ, ಹೇಳುವುದಕ್ಕೆ ಸಂಕೋಚ ಎಂದು ತನ್ನಷ್ಟಕ್ಕೆ ತಾನೇ ತೀರ್ಪು ಬರೆದುಕೊಂಡಿದ್ದಳು.

ಅವಳು ಮಾಡುತ್ತಿದ್ದುದು ಷೇರು ಪೇಟೆಯ ಮೇಲೆ ಕಣ್ಣಿಡುವ ಒಂದು ತಂತ್ರಾಂಶ. ಪೇಟೆಯಲ್ಲಿ ದುಡ್ಡು ನಿಂತಲ್ಲಿ ನಿಲ್ಲುವ ಜಾತಿಯದಲ್ಲ. ಈಗ ಬ್ಯಾಂಕುಗಳಿಗೆ ಯೋಗ ಬಂದರೆ, ಇನ್ನೆರಡು ತಿಂಗಳಿಗೆ ಉಕ್ಕಿಗೆ, ಆಮೇಲೆ ಔಷಧಿ ಕಂಪನಿಗಳಿಗೆ. ಪರದೆಯ ಮೇಲೆ ನಾಲ್ಕು ಮನೆ: ಮುಂದಿರುವವು, ಸೊರಗುತ್ತಿರುವವು, ಹಿಂದೆ ಬಿದ್ದವು, ಚೇತರಿಸಿಕೊಳ್ಳುತ್ತಿರುವವು. ಬ್ಯಾಂಕು, ಉಕ್ಕು, ಔಷಧಿ ಹೀಗೆ ಒಂದೊಂದು ವಲಯಕ್ಕೆ ಒಂದೊಂದು ಬಣ್ಣದ ಚುಕ್ಕಿ. ಗುಂಡಿ ಒತ್ತಿದರೆ ಸಾಕು, ಚುಕ್ಕಿಗಳು ಬಾಲ ಎಳೆದುಕೊಂಡು ವಾರದಿಂದ ವಾರಕ್ಕೆ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ, ಮನೆಯಿಂದ ಮನೆಗೆ ಸುತ್ತುತ್ತವೆ.

ಅವತ್ತು ಮಧ್ಯಾಹ್ನ ಮೂರಕ್ಕೆ ದೊಡ್ಡ ಷೇರು ದಲ್ಲಾಳಿಯೊಬ್ಬರು ಅದನ್ನು ನೋಡಲು ಅಂಗಡಿಗೇ ಬರುವವರಿದ್ದರು. ಅವರು ಒಪ್ಪಿದರೆ ಅವರ ಗಿರಾಕಿಗಳಿಗೆಲ್ಲ ಅದೇ ತಂತ್ರಾಂಶ. ಒಪ್ಪದಿದ್ದರೆ ಮುಂದಿನ ವಾರವೇ ಹಳೆಯ ಆಫೀಸಿನ ಬಾಗಿಲು ತಟ್ಟುವುದೆಂದು ಅವಳು ಗಂಡನಿಗೆ ಮಾತು ಕೊಟ್ಟಿದ್ದಳು.

ಎರಡೂವರೆಗೆ ಕೊನೆಯ ಸಲ ಓಡಿಸಿ ನೋಡುತ್ತಿದ್ದಾಗ ಪಕ್ಕದಿಂದ ದನಿ ಬಂತು.

"ಆ ಹಸಿರುದು ಉಲ್ಟಾ ತಿರುಗ್ತಿದೆಯಲ್ಲಮ್ಮ."

ಮಾವ ಭೂತಗನ್ನಡಿಯನ್ನು ಹಣೆಗೇರಿಸಿಕೊಂಡು ಅವಳ ಪರದೆಯನ್ನೇ ನೋಡುತ್ತಿದ್ದರು. ಅವಳಿಗೆ ರೇಗಿಹೋಯಿತು. ಬಾಯಿಬಿಡಲು ಇವರಿಗೆ ಈ ಹೊತ್ತೇ ಸಿಕ್ಕಿತೇ?

"ಮಾವ, ಇದು ಗಡಿಯಾರ ಅಲ್ಲ, ಷೇರು ಪೇಟೆ. ಒಂದೊಂದ್ಸಲ ಹಿಂದಕ್ಕೂ ಹೋಗತ್ತೆ."

"ಒಂದೊಂದ್ಸಲ ಆದ್ರೆ ಬಿಡು. ಮಿಕ್ಕವೂ ನಡುವೆ ತಡವರಿಸಿ ಮತ್ತೆ ಸರಿದಾರಿಗೆ ಬರ್ತವೆ. ಇದೊಂದೇ ಶುರುವಿಂದ ಕೊನೇವರೆಗೂ ಉಲ್ಟಾ."

ಅವಳು ಇನ್ನೊಮ್ಮೆ ಓಡಿಸಿದಳು. ಮಾವ ಹೇಳಿದ್ದು ನಿಜ. ಹಸಿರು ಎಂದರೆ ಔಷಧಿ ವಲಯ. ಅದರ ಅಂಕಿಗಳನ್ನು ಹಿಂದಿನ ರಾತ್ರಿಯಷ್ಟೇ ಬೇರೆ ಕಡೆಯಿಂದ ತರಿಸಿಕೊಂಡಿದ್ದಳು. ಉಳಿದ ಕಡತಗಳಲ್ಲೆಲ್ಲ ಹಳೆಯ ವಾರ ಮೊದಲು. ಇದೊಂದರಲ್ಲಿ ಹೊಸದು ಮೊದಲು. ಇಡೀ ವರ್ಷವನ್ನು ತಂತ್ರಾಂಶ ತಲೆಕೆಳಗು ಓದಿಕೊಂಡಿತ್ತು. ಮೇಲೇಳುತ್ತಿದ್ದ ವಲಯ ಅವಳ ಪರದೆಯಲ್ಲಿ ಮುಗ್ಗರಿಸುತ್ತಿತ್ತು. ಇದನ್ನು ನಂಬಿ ಯಾರಾದರೂ ಇದ್ದಬದ್ದ ಷೇರು ಮಾರಿಬಿಟ್ಟಿದ್ದರೆ? ಬಣ್ಣ ಚೆನ್ನಾಗಿದೆಯೇ, ಅಕ್ಷರ ಕಾಣುತ್ತದೆಯೇ ಎಂದು ತಲೆ ಕೆಡಿಸಿಕೊಂಡವಳಿಗೆ ಇದು ಕಂಡಿರಲಿಲ್ಲ.

ಆ ಕಡತದಲ್ಲೂ ಹಳೆಯ ವಾರ ಮೊದಲು ಬರುವಂತೆ ಸರಿಪಡಿಸತೊಡಗಿದಳು. ಮಾವ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತರು. ಬಂದ ಇಬ್ಬರು ಗಿರಾಕಿಗಳನ್ನು "ಸಂಜೆ ಬನ್ನಿ" ಎಂದು ಅಲ್ಲಿಂದಲೇ ಸಾಗಹಾಕಿದರು.

ದಲ್ಲಾಳಿ ಮೂರಕ್ಕೆ ಸರಿಯಾಗಿ ಬಂದರು. ಕೂರುವ ಮೊದಲೇ ಕೇಳಿದರು: "ಔಷಧಿ ತೋರಿಸಿ. ಹೋದ ವರ್ಷ ಅದು ಹೇಗೆ ಎದ್ದಿತು ಅನ್ನೋದು ನನಗೆ ಬಾಯಿಪಾಠ."

ಹಸಿರು ಚುಕ್ಕಿ ಹಿಂದೆ ಬಿದ್ದವುಗಳ ಮನೆಯಿಂದ ಹೊರಟು, ಚೇತರಿಸಿಕೊಂಡು, ಮುಂದಿರುವವುಗಳ ಮನೆ ಸೇರಿತು. ಅವರು ಎರಡೆರಡು ಸಲ ನೋಡಿದರು.

"ಸರಿಯಾಗಿದೆ. ನಮ್ಮವರಿಗೆಲ್ಲ ಇದನ್ನೇ ಕೊಡೋಣ. ಪರೀಕ್ಷೆ ಮಾಡಿದ್ದು ಯಾರು?"

"ನಮ್ಮ ಮಾವ," ಎಂದಳು ಅವಳು. ಅರ್ಧ ಗಂಟೆ ಹಿಂದೆ ಏನಾಗಿತ್ತು ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಳು. ದಲ್ಲಾಳಿ ಜೋರಾಗಿ ನಕ್ಕರು. "ಹಾಗಾದ್ರೆ ಅವರ ಪಕ್ಕದ ಜಾಗ ಬಿಡಬೇಡಿ," ಎಂದು ಹೇಳಿ ಹೋದರು.

"ಮಾವ, ನೀವಿದ್ರಿ, ನಾನು ಬದುಕಿಕೊಂಡೆ," ಎಂದಳು ಸೊಸೆ. "ನಿಮ್ಮ ಮೇಲೆ ರೇಗಿದ್ದು ತಪ್ಪಾಯ್ತು."

"ಬಿಡಮ್ಮ. ತಿರುಗೋದನ್ನ ನೋಡೋದೇ ನನ್ನ ಕಸುಬು."

"ಆದ್ರೂ ಒಂದೇ ಸಲ ನೋಡಿ ಹೇಗೆ ಕಂಡುಹಿಡಿದ್ರಿ?"

"ಒಂದೇ ಸಲ ಎಲ್ಲಿ ಬಂತು? ದಿನಾ ನೋಡ್ತೀನಲ್ಲ. ಹಸಿರುದು ನಿನ್ನೆವರೆಗೂ ಸರಿಯಾಗೇ ಇತ್ತು."

"ದಿನಾನಾ?" ಅವಳಿಗೆ ನಂಬಲಾಗಲಿಲ್ಲ. "ಇದೆಲ್ಲ ನಿಮಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ."

"ಅದೇನು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಮಧ್ಯೆ ಕೇಳಿದ್ರೆ ನಿನ್ನ ಕೆಲಸ ಕೆಡತ್ತೆ ಅಂತ ಸುಮ್ಮನಿದ್ದೆ. ನೀನು ಇಷ್ಟು ಕಷ್ಟಪಟ್ಟು ಮಾಡ್ತಿರೋವಾಗ ನೋಡದೆ ಇರೋಕೆ ಆಗತ್ತಾ?"

ವರ್ಷವಿಡೀ ತನ್ನ ಬೆನ್ನಿಗೆ ಒಬ್ಬರು ನಿಂತಿದ್ದರು, ತಾನೇ ತಿರುಗಿ ನೋಡಿರಲಿಲ್ಲ. ಕಣ್ಣೊರೆಸಿಕೊಂಡು ಕುರ್ಚಿಯನ್ನು ಮಾವನ ಕಡೆಗೆ ಎಳೆದಳು.

"ಬನ್ನಿ ಮಾವ, ಇದೇನು ಅಂತ ಮೊದಲಿಂದ ಹೇಳ್ತೀನಿ."

"ನಿಧಾನಕ್ಕೆ ಹೇಳಮ್ಮ," ಎಂದು ಮಾವ ಕೈಯಲ್ಲಿದ್ದ ಚಿಮುಟವನ್ನು ಕೆಳಗಿಟ್ಟರು.