ಒಂದೇ ಮಾಡಿನ ಕೆಳಗೆ

ಪೆರಂಬೂರಿನ ಆ ಬೀದಿಯ ಮನೆಗಳೆಲ್ಲ ಜೋಡಿಮನೆಗಳು. ಉಗಿಬಂಡಿಯ ಕಾಲದಲ್ಲಿ ಕಲ್ಲಿದ್ದಲು ಯಾರ್ಡಿನ ಮೇಸ್ತ್ರಿಗಳಿಗೆಂದು ಕಟ್ಟಿಸಿದ್ದವು. ನಡುವೆ ಒಂದೇ ಗೋಡೆ. ಆಚೆ ಈಚೆ ಕನ್ನಡಿಯಲ್ಲಿ ಕಂಡಂತೆ ಅದೇ ಜಗಲಿ, ಅದೇ ಹಜಾರ, ಬೆನ್ನಿಗೆ ಬೆನ್ನು ಹಚ್ಚಿದ ಅಡುಗೆಮನೆಗಳು. ಆ ಗೋಡೆ ಅಟ್ಟದ ಹಲಗೆಯವರೆಗೆ ಬಂದು ನಿಂತುಬಿಡುತ್ತಿತ್ತು. ಮೇಲಿನ ಅಟ್ಟಕ್ಕೆ ಅಡ್ಡಗೋಡೆಯಿಲ್ಲ, ಹೆಂಚಿನ ಮಾಡು ಎರಡೂ ಮನೆಗೆ ಒಂದೇ. ಅಟ್ಟ ಹತ್ತಿ ಹೆಂಚು ಬದಲಿಸಲು ಎರಡು ಅಡುಗೆಮನೆಯ ಚಾವಣಿಯಲ್ಲೂ ಒಂದೊಂದು ಹಲಗೆಬಾಗಿಲು.

ಹಾಗಾಗಿ ಪಕ್ಕದ ಮನೆಯ ಒಂದೊಂದು ಏಟೂ ನೀರಜಾಗೆ ಕೇಳಿಸುತ್ತಿತ್ತು. ಆಕೆ ನಿವೃತ್ತ ಪಿ.ಟಿ. ಟೀಚರ್, ಹುಟ್ಟಿದ್ದೇ ಆ ಮನೆಯಲ್ಲಿ; ಕನ್ನಡದ ನಡುವೆ ತಮಿಳು ನುಸುಳುತ್ತಿತ್ತು. ಪಕ್ಕದಲ್ಲಿ ಬಾಡಿಗೆಗಿದ್ದವರು ಮೈಸೂರು ಕಡೆಯ ದಂಪತಿ ಅಭಿಲಾಷ್, ಮಾನಸ. ಅವನಿಗೆ ಊರಿನ ಇನ್ನೊಂದು ತುದಿಯ ಪೆರುಂಗುಡಿಯಲ್ಲಿ ಕೆಲಸ.

ಆ ಭಾನುವಾರ ಮಧ್ಯಾಹ್ನ ಮಾನಸಳ ಕಿರುಚಾಟ ನಿಲ್ಲಲೇ ಇಲ್ಲ. ನೀರಜಾ ಹೋಗಿ ಬಾಗಿಲು ಬಡಿದಳು.

"ನಮ್ಮನೆ ವಿಷ್ಯ ಆಂಟಿ, ಹೋಗಿ ನೀವು!" ಒಳಗಿಂದ ಅಭಿಲಾಷ್ ಕೂಗಿದ. ಬೀಗ ಹಾಕಿಕೊಂಡಿದ್ದ.

ಪೊಲೀಸರಿಗೆ ಫೋನ್ ಮಾಡಿದಳು. ಬರುತ್ತೇವೆಂದರು. ಅಷ್ಟರಲ್ಲಿ ಮಾನಸ ಅಡುಗೆಮನೆಗೆ ಓಡಿ ಚಿಲಕ ಹಾಕಿಕೊಂಡ ಸದ್ದು, ಅವನು ಬಾಗಿಲಿಗೆ ಒದೆಯುವ ಸದ್ದು. ನೀರಜಾ ತನ್ನ ಮನೆಗೆ ಓಡಿ, ಏಣಿ ಹಾಕಿ ಅಟ್ಟ ಹತ್ತಿದಳು. ತೊಲೆ ಹಿಡಿದು ತೆವಳಿ ಗೋಡೆ ದಾಟಿ ಆಚೆಯ ಹಲಗೆಯನ್ನು ಎತ್ತಿದಳು.

"ಮಾನಸಾ, ಇಲ್ಲಿ ನೋಡು! ಅಡುಗೆಕಟ್ಟೆ ಮೇಲೆ ಹತ್ತು, ಸೀಕ್ರಂ, ಬೇಗ!"

ಮಾನಸಳ ತುಟಿ ಸೀಳಿತ್ತು, ಕುತ್ತಿಗೆಯೆಲ್ಲ ರಕ್ತ. ಅವಳ ಕೈ ನೀರಜಾಳ ಕೈಗೆ ಸಿಕ್ಕಿತು. ಬಾಗಿಲು ಮುರಿದು ಒಳಬಂದ ಅಭಿಲಾಷ್ ಅವಳ ಕಾಲು ಹಿಡಿದು ಎಳೆದ. ಅವಳು ಅವನ ಎದೆಗೆ ಒದ್ದು ಮೇಲೆ ಬಂದಳು. ಅವನೂ ಕಟ್ಟೆ ಹತ್ತಿ ಅಟ್ಟದ ಅಂಚು ಹಿಡಿದು ತಲೆ ತೂರಿಸಿದ.

ನೀರಜಾ ಅಟ್ಟದಲ್ಲಿದ್ದ ಬಿಡಿ ಹೆಂಚೊಂದರಿಂದ ಅವನ ಮುಖಕ್ಕೆ ಬಾರಿಸಿದಳು. ಅವನು ಒಂದು ಕೈ ಬಿಟ್ಟು "ಬೇಡ" ಎಂದ. ಹೆಂಚು ಒಡೆದು ಚೂಪಾಗಿತ್ತು. ಆಕೆ ಮತ್ತೆ ಹೊಡೆದಳು.

ಪೊಲೀಸರು ಬಂದಾಗ ಅವನು ಅಡುಗೆಮನೆಯ ನೆಲದಲ್ಲಿ ಹೊರಳಾಡುತ್ತಿದ್ದ. ಎಡಗಣ್ಣು ಉಳಿಯಲಿಲ್ಲ. ಅವನ ಮೇಲೊಂದು ಕೇಸಾಯಿತು, ನೀರಜಾಳ ಮೇಲೂ ಒಂದು.

ಆಸ್ಪತ್ರೆಯಲ್ಲಿ ಮಾನಸ ಕೇಳಿದಳು: "ಅವ್ರು ಬೇಡ ಅಂದ್ಮೇಲೂ ಯಾಕ್ ಹೊಡೆದ್ರಿ ಆಂಟಿ?"

"ತೆರಿಯಲ್ಲಮ್ಮಾ, ಗೊತ್ತಿಲ್ಲ. ನೀನು ಬೇಡ ಅಂತ ಅರಚೋದನ್ನ ಇಷ್ಟು ದಿನ ಕೇಳ್ತಾ ಕೂತಿದ್ನಲ್ಲ."

ಆಸ್ಪತ್ರೆಯಿಂದ ಬಿಟ್ಟ ಮೇಲೆ ಮಾನಸ ಅಣ್ಣನ ಜೊತೆ ಮೈಸೂರಿಗೆ ಹೋದಳು. ನೀರಜಾಗೆ ರಾತ್ರಿಯೆಲ್ಲ ಅವನ "ಬೇಡ" ಕೇಳಿಸುತ್ತಿತ್ತು. ಆದರೂ ಮಾನಸಳ ಕುತ್ತಿಗೆ ನೆನಪಾದರೆ ಮಾಡಿದ್ದು ತಪ್ಪೆನಿಸುತ್ತಿರಲಿಲ್ಲ.

ನೀರಜಾಳ ಕೇಸಿನ ವಿಚಾರಣೆ ಹತ್ತಿರ ಬಂದಾಗ ಮಾನಸಳ ಫೋನ್ ಬಂತು.

"ಸಾಕ್ಷಿ ಹೇಳೋಕೆ ಬರ್ತೀನಿ ಆಂಟಿ. ಎರಡನೇ ಏಟು ನೋಡ್ಲಿಲ್ಲ ಅಂತೀನಿ."



"ನೋಡಿದ್ದನ್ನ ನೋಡಿದೆ ಅಂತಾನೇ ಹೇಳಮ್ಮಾ," ಎಂದಳು ನೀರಜಾ. "ಬಂದಾಗ ಊಟಕ್ಕೆ ನಮ್ಮನೆಗೇ ಬಾ."